ಕ್ಯಾಸೆಟ್ಟಿನ ಎರಡನೆಯ ಬದಿ: ಯೂಟೂ ತಂಡದ ‘ದಿ ಜೋಶುವಾ ಟ್ರೀ’

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಳೆಯ ಕ್ಯಾಸೆಟ್ ಇದೆ. ಅದರ ‘ಎ’ ಬದಿಯ ಮೇಲೆ ಅಚ್ಚಾಗಿದ್ದ ಅಕ್ಷರಗಳು ಬೆರಳು ತಾಗಿ ತಾಗಿ ಅಳಿಸಿಹೋಗಿವೆ. ‘ಬಿ’ ಬದಿಯ ಅಕ್ಷರಗಳು ದೇವರಾಜ ಅರಸು ರಸ್ತೆಯ ಅಂಗಡಿಯಿಂದ ತಂದ ದಿನದಷ್ಟೇ ನಿಚ್ಚಳವಾಗಿವೆ. ಐರ್ಲೆಂಡಿನ ಯೂಟೂ ಎಂಬ ರಾಕ್ ತಂಡದ ‘ದಿ ಜೋಶುವಾ ಟ್ರೀ’ ಆಲ್ಬಂ ಅದು. ಕಾಲೇಜಿನ ದಿನಗಳಲ್ಲಿ ಮೊದಲ ಮೂರು ಹಾಡುಗಳನ್ನು ಕೇಳುವುದು, ಟೇಪನ್ನು ಹಿಂದಕ್ಕೆ ಸುತ್ತುವುದು, ಮತ್ತೆ ಅದೇ ಮೂರನ್ನು ಕೇಳುವುದು ನನ್ನ ಅಭ್ಯಾಸವಾಗಿತ್ತು. ಕ್ಯಾಸೆಟ್ಟನ್ನು ಮಗುಚಿ ಹಾಕಿ ಕೊನೆಯವರೆಗೆ ಕುಳಿತು ಕೇಳಿದ್ದು ಬಹಳ ವರ್ಷಗಳ ನಂತರ. ಈ ಆಲ್ಬಮ್ಮಿಗೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟದ್ದು ಅದರ ಮೊದಲ ಬದಿಯೇ ಆದರೂ, ಅದರ ಜೀವ ಇರುವುದು ಹೆಚ್ಚಿನವರು ಕೇಳದೆ ಬಿಡುವ ಎರಡನೆಯ ಬದಿಯಲ್ಲಿ ಎಂಬುದು ಅಂದಿನಿಂದ ನನಗೆ ಗಟ್ಟಿಯಾಗಿರುವ ಅಭಿಪ್ರಾಯ.

ಯೂಟೂ ತಂಡ ಹುಟ್ಟಿದ್ದು 1976ರಲ್ಲಿ, ಡಬ್ಲಿನ್ ನಗರದ ಮೌಂಟ್ ಟೆಂಪಲ್ ಶಾಲೆಯಲ್ಲಿ. ಲ್ಯಾರಿ ಮಲೆನ್ ಎಂಬ ಹುಡುಗ ಶಾಲೆಯ ಸೂಚನಾ ಫಲಕದ ಮೇಲೆ ಚೀಟಿ ಅಂಟಿಸಿ ವಾದಕರು ಬೇಕೆಂದು ಕೇಳಿದ. ಅದನ್ನು ನೋಡಿ ಬಂದವರಲ್ಲಿ ಹಾಡುಗಾರ ಬೋನೋ, ಗಿಟಾರ್ ವಾದಕ ಎಡ್ಜ್ ಮತ್ತು ಬೇಸ್ ಗಿಟಾರ್ ನುಡಿಸುವ ಆ್ಯಡಮ್ ಕ್ಲೇಟನ್ ಇದ್ದರು. ಹತ್ತು ವರ್ಷಗಳ ನಂತರವೂ ಅದೇ ನಾಲ್ವರು ಒಟ್ಟಿಗಿದ್ದು ಮಾಡಿದ ಐದನೆಯ ಸ್ಟುಡಿಯೋ ಆಲ್ಬಂ ಇದು. 1987ರ ಮಾರ್ಚ್ 9ರಂದು ಬಿಡುಗಡೆಯಾಯಿತು. ಹನ್ನೊಂದು ಹಾಡುಗಳು, ಒಟ್ಟು ಸುಮಾರು 50 ನಿಮಿಷ. ಎರಡೂವರೆ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. 1988ರಲ್ಲಿ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಈ ಲೆಕ್ಕಗಳು ಆಲ್ಬಮ್ಮಿನ ಬಗ್ಗೆ ಬರೆದಲ್ಲೆಲ್ಲ ಸಿಗುತ್ತವೆ, ಆದ್ದರಿಂದ ಅಲ್ಲಿ ಹೆಚ್ಚು ನಿಲ್ಲುವುದಿಲ್ಲ.

ಮೈಸೂರಿನವರಿಗೆ ಪಾಶ್ಚಾತ್ಯ ಸಂಗೀತ ದೂರದ ವಸ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರು 1940ರ ದಶಕದ ಕೊನೆಯಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳು ಲಂಡನ್ನಿನಲ್ಲಿ ಧ್ವನಿಮುದ್ರಣವಾಗಲೆಂದು ತಮ್ಮ ಹಣ ಕೊಟ್ಟವರು. ಅರಮನೆಯ ವಾದ್ಯವೃಂದದಲ್ಲಿ ಇಂಗ್ಲಿಷ್ ಬ್ಯಾಂಡು ಮತ್ತು ಕರ್ನಾಟಕ ಬ್ಯಾಂಡು ಅಕ್ಕಪಕ್ಕದಲ್ಲಿ ಬೆಳೆದವು. ಹಾಗಾಗಿ ಈ ಆಲ್ಬಮ್ಮನ್ನು ನಮ್ಮ ಕಿವಿಯಿಂದ, ನಮ್ಮ ಶ್ರುತಿ ಮತ್ತು ಲಯದ ತಿಳಿವಳಿಕೆಯಿಂದ ಕೇಳಲು ನಮಗೆ ಸಂಕೋಚ ಬೇಕಿಲ್ಲ. ಹಾಗೆ ಕೇಳಿದಾಗ ಅದರ ರಚನೆ ಹೆಚ್ಚು ಸ್ಪಷ್ಟವಾಗುತ್ತದೆ ಎಂಬುದು ನನ್ನ ಅನುಭವ.

ಮೊದಲ ಹಾಡು ‘ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’ ಇದಕ್ಕೆ ಒಳ್ಳೆಯ ಉದಾಹರಣೆ. ಆರ್ಗನ್ನಿನ ಒಂದು ನಾದ ಬಹಳ ನಿಧಾನವಾಗಿ, ತಂಬೂರಿಯ ಶ್ರುತಿ ಹಿಡಿದಂತೆ, ಏರುತ್ತಾ ಬರುತ್ತದೆ. ಅದರೊಳಗಿನಿಂದ ಎಡ್ಜ್ ಅವರ ಗಿಟಾರ್ ಆರಾರು ಸ್ವರಗಳ ಗುಂಪಾಗಿ ಮೂಡುತ್ತದೆ. ಹಾಡುಗಾರಿಕೆ ಆರಂಭವಾಗುವುದು ಒಂದೂವರೆ ನಿಮಿಷ ಕಳೆದ ಮೇಲೆಯೇ. ನಾನು ಈ ಹಾಡನ್ನು ಕೇಳುತ್ತಿದ್ದಾಗ ಒಮ್ಮೆ ನಮ್ಮ ಚಿಕ್ಕಪ್ಪ ಕೋಣೆಗೆ ಬಂದು ಬಾಗಿಲ ಬಳಿ ನಿಂತರು. ಅವರು ಮೃದಂಗ ಕಲಿತವರು, ವಿ.ವಿ. ಮೊಹಲ್ಲಾದ ಎಂಟನೆಯ ಕ್ರಾಸಿನ ಗಣೇಶೋತ್ಸವದ ಕಚೇರಿಗಳನ್ನು ಒಂದು ವರ್ಷವೂ ತಪ್ಪಿಸದವರು. ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಕೇಳಿಸಿಕೊಂಡು, “ಏನೋ ಇದು, ತಿಸ್ರದಲ್ಲಿ ಶುರುವಾಗಿ ಚತುರಶ್ರಕ್ಕೆ ಬಂದುಬಿಟ್ಟಿತಲ್ಲೋ?” ಎಂದರು. “ಹೌದಾ ಚಿಕ್ಕಪ್ಪಾ? ನನಗೆ ಗೊತ್ತಾಗಲಿಲ್ಲ” ಎಂದೆ. “ಎಲ್ಲಿ, ಇನ್ನೊಂದು ಸಲ ಹಾಕು” ಎಂದು ಕುರ್ಚಿ ಎಳೆದುಕೊಂಡು ಕುಳಿತರು. ತಿಸ್ರವೆಂದರೆ ಮೂರರ ನಡೆ, ಚತುರಶ್ರವೆಂದರೆ ನಾಲ್ಕರ ನಡೆ. ಅವರು ಹೇಳಿದ್ದು ಸರಿಯಾಗಿತ್ತು. ಪಾಶ್ಚಾತ್ಯ ಲೆಕ್ಕದಲ್ಲಿ ಆರೆಂಟರ (6/8) ಲಯದಲ್ಲಿ ಹೊರಡುವ ಪೀಠಿಕೆ, ಡ್ರಮ್ಸ್ ಮತ್ತು ಬೇಸ್ ಬಂದು ಸೇರುವ ಹೊತ್ತಿಗೆ ನಾಲ್ಕರ ನಡೆಗೆ ಹೊರಳುತ್ತದೆ. ಕೇಳುಗನಿಗೆ ಅದು ಲೆಕ್ಕವಾಗಿ ತಿಳಿಯುವುದಿಲ್ಲ. ನೆಲ ಕಾಲಡಿಯಿಂದ ಮೆಲ್ಲನೆ ಜಾರಿ ಮತ್ತೊಂದು ನೆಲ ಸಿಕ್ಕಿದಂತೆ ಅನಿಸುತ್ತದೆ.

ಎಡ್ಜ್ ಅವರ ವಾದನದ ಗುಟ್ಟೂ ಲಯಕ್ಕೆ ಸಂಬಂಧಿಸಿದ್ದೇ ಆಗಿದೆ. ಅವರು ಗಿಟಾರನ್ನು ಡಿಲೇ ಎಂಬ ಪ್ರತಿಧ್ವನಿ ಯಂತ್ರದ ಮೂಲಕ ಹಾಯಿಸುತ್ತಾರೆ. ಒಂದು ಅಕ್ಷರಕಾಲವನ್ನು, ಅಂದರೆ ತಾಳದ ಒಂದು ಎಣಿಕೆಯನ್ನು, ನಾಲ್ಕು ಸಮಭಾಗ ಮಾಡಿದರೆ, ಮೀಟಿದ ಸ್ವರ ಮೂರು ಭಾಗಗಳಷ್ಟು ಕಾಲ ಕಳೆದ ಮೇಲೆ ಯಂತ್ರದಿಂದ ಮರಳಿ ಕೇಳುವಂತೆ ಅದನ್ನು ಹೊಂದಿಸಿರುತ್ತಾರೆ. ನಾಲ್ಕರ ನಡೆಯ ಮೇಲೆ ಮೂರರ ಎಣಿಕೆ ಹೀಗೆ ತಾನಾಗಿ ಹೆಣೆದುಕೊಳ್ಳುತ್ತದೆ. ಕೈ ನುಡಿಸುವ ಸ್ವರಗಳು ಕಡಿಮೆ, ಕಿವಿಗೆ ಬೀಳುವ ಸ್ವರಗಳು ಹೆಚ್ಚು. ಆ ಕಾಲದ ರಾಕ್ ಗಿಟಾರಿನಲ್ಲಿ ವೇಗದ ಬೆರಳುಗಾರಿಕೆಗೆ ಬಹಳ ಬೆಲೆಯಿತ್ತು. ಎಡ್ಜ್ ಅದರ ಗೋಜಿಗೇ ಹೋಗದೆ, ಸ್ವರಗಳ ನಡುವಿನ ಬಯಲನ್ನೇ ವಾದ್ಯವಾಗಿ ಬಳಸಿದರು. ಈ ಆಲ್ಬಮ್ಮಿಗೆ ಮರುಭೂಮಿಯ ಹರವು ಬಂದದ್ದು ಮುಖ್ಯವಾಗಿ ಇದರಿಂದ.

ಆ ಮೊದಲ ಹಾಡಿನ ಹಿಂದಿರುವ ವಿಚಾರವೂ ನಮಗೆ ಹೊಸದಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಒಬ್ಬ ವ್ಯಕ್ತಿ ಯಾವ ಬೀದಿಯವನೆಂದು ತಿಳಿದರೆ ಅವನ ಧರ್ಮವನ್ನೂ ಆದಾಯವನ್ನೂ ಹೇಳಿಬಿಡಬಹುದು ಎಂಬ ಮಾತು ಬೋನೋ ಅವರ ಮನಸ್ಸಿನಲ್ಲಿ ಉಳಿದಿತ್ತು. 1985ರಲ್ಲಿ ಹೆಂಡತಿಯೊಂದಿಗೆ ಇಥಿಯೋಪಿಯಾದ ಬರಪೀಡಿತ ಪ್ರದೇಶದಲ್ಲಿ ಸ್ವಯಂಸೇವಕರಾಗಿ ಕೆಲಸ ಮಾಡಿದಾಗ ಕಂಡ ನೆಲವೂ ಅದರೊಂದಿಗೆ ಸೇರಿಕೊಂಡಿತು. ಹೆಸರಿಲ್ಲದ ಬೀದಿಗಳಿಗಾಗಿ ಹಂಬಲಿಸುವ ಈ ಹಾಡನ್ನು ಕುಂಬಾರಗೇರಿ, ಅಗ್ರಹಾರ, ಲಷ್ಕರ್ ಮೊಹಲ್ಲಾಗಳ ಊರಿನಲ್ಲಿ ಕುಳಿತು ಕೇಳಿದರೆ ಅರ್ಥಕ್ಕೆ ವಿವರಣೆ ಬೇಕಾಗುವುದಿಲ್ಲ. ಹಳೆಯ ಮೈಸೂರಿನಲ್ಲಿ ಮನೆ ಎಲ್ಲಿ ಎಂದು ಕೇಳುವವರಲ್ಲಿ ಹಲವರು ನಿಜವಾಗಿ ಕೇಳುತ್ತಿರುವುದು ಬೇರೆಯದನ್ನೇ ಎಂಬುದು ಇಲ್ಲಿ ಬಾಡಿಗೆ ಮನೆ ಹುಡುಕಿದ ಪ್ರತಿಯೊಬ್ಬರಿಗೂ ಗೊತ್ತು.

ಈ ಒಂದು ಹಾಡು ತಂಡಕ್ಕೂ ನಿರ್ಮಾಪಕರಿಗೂ ಕೊಟ್ಟಷ್ಟು ಕಷ್ಟವನ್ನು ಉಳಿದ ಯಾವುದೂ ಕೊಡಲಿಲ್ಲ. ನಿರ್ಮಾಪಕರಿಬ್ಬರು: ಇಂಗ್ಲೆಂಡಿನ ಬ್ರಯನ್ ಈನೋ ಮತ್ತು ಕೆನಡಾದ ಡ್ಯಾನಿಯೆಲ್ ಲ್ಯಾನ್ವಾ. ವಾರಗಟ್ಟಲೆ ಅದನ್ನೇ ತಿದ್ದಿ ತಿದ್ದಿ ಬೇಸತ್ತ ಈನೋ, ಟೇಪನ್ನು ಆಕಸ್ಮಿಕವಾಗಿ ಅಳಿಸಿದಂತೆ ಮಾಡಿ ಹೊಸದಾಗಿ ಆರಂಭಿಸುವುದೇ ಮೇಲೆಂದು ನಿರ್ಧರಿಸಿದ್ದರು. ಸ್ಟುಡಿಯೋದ ಒಬ್ಬ ಸಹಾಯಕ ಎಂಜಿನಿಯರ್ ಅವರನ್ನು ತಡೆದುದರಿಂದ ಆ ಟೇಪು ಉಳಿಯಿತು. ಹಾಡಿನಲ್ಲಿ ಆ ಹೆಣಗಾಟದ ಸುಳಿವೇ ಇಲ್ಲ ಎಂಬುದು ನನಗೆ ಇಂದಿಗೂ ಆಶ್ಚರ್ಯದ ಸಂಗತಿ.

ಎರಡನೆಯ ಹಾಡು ‘ಐ ಸ್ಟಿಲ್ ಹ್ಯಾವೆಂಟ್ ಫೌಂಡ್ ವಾಟ್ ಐಯಾಮ್ ಲುಕಿಂಗ್ ಫಾರ್’ ಅಮೆರಿಕದ ಕಪ್ಪು ಜನರ ಚರ್ಚ್ ಗಾಯನದ ದಾರಿ ಹಿಡಿದದ್ದು; ನಂಬಿಕೆ ಇದ್ದೂ ಹುಡುಕಾಟ ಮುಗಿಯದವನ ಅಳಲು. ಮೂರನೆಯದಾದ ‘ವಿತ್ ಆರ್ ವಿದೌಟ್ ಯೂ’ ಬಗ್ಗೆ ಒಂದು ಮಾತು ಹೇಳಲೇಬೇಕು. ಆ್ಯಡಮ್ ಕ್ಲೇಟನ್ ಅವರ ಬೇಸ್ ಇಡೀ ಹಾಡಿನ ಉದ್ದಕ್ಕೂ ನಾಲ್ಕೇ ಸ್ವರಗಳ ಮೇಲೆ ಸುತ್ತುತ್ತದೆ. ನಮ್ಮ ಲೆಕ್ಕದಲ್ಲಿ ಸ, ಪ, ದ, ಮ. ಪಲ್ಲವಿಗೂ ಅದೇ, ಚರಣಕ್ಕೂ ಅದೇ. ಮಂಟೇಸ್ವಾಮಿಯ ಕಥೆ ಹೇಳುವ ನೀಲಗಾರರ ತಂಬೂರಿಯನ್ನು ರಾತ್ರಿಯಿಡೀ ಕೇಳಿದವರಿಗೆ ಇದರ ಬಲ ಎಲ್ಲಿದೆಯೆಂದು ಗೊತ್ತಾಗುತ್ತದೆ: ಬದಲಾಗದೆ ನಿಂತಿರುವುದೊಂದಿದ್ದರೆ ಮಾತ್ರ ಹಾಡುವವನ ದನಿ ಎಷ್ಟು ಏರಿತು, ಎಷ್ಟು ಒಡೆಯಿತು ಎಂಬುದು ಕೇಳುಗನಿಗೆ ಅಳತೆಗೆ ಸಿಗುತ್ತದೆ. ಹಾಡಿನ ಮೇಲೆ ತೇಲುವ, ಮೀಟಿದ ಸದ್ದೇ ಇಲ್ಲದ ಉದ್ದನೆಯ ನಾದ ಬಂದದ್ದು ಕೆನಡಾದ ಮೈಕೆಲ್ ಬ್ರೂಕ್ ಎಂಬುವರು ರೂಪಿಸಿಕೊಟ್ಟ ವಿಶೇಷ ಗಿಟಾರಿನಿಂದ. ಅದರಲ್ಲಿ ಒಮ್ಮೆ ಹುಟ್ಟಿದ ಸ್ವರವನ್ನು ಬೇಕಾದಷ್ಟು ಹೊತ್ತು ನಿಲ್ಲಿಸಿಕೊಳ್ಳಬಹುದು. ಕೊನೆಯಲ್ಲಿ ಎಡ್ಜ್ ದೊಡ್ಡ ವಾದನವೊಂದನ್ನು ನುಡಿಸುತ್ತಾರೆಂದು ಕಾದು ಕುಳಿತವರಿಗೆ ಸಿಗುವುದು ಬೆರಳೆಣಿಕೆಯ ಕೆಲವು ಸ್ವರಗಳು ಮಾತ್ರ. ಅಷ್ಟು ಹಿಡಿತ ಇಟ್ಟುಕೊಳ್ಳಲು ಧೈರ್ಯ ಬೇಕು.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ನಾನೂ ನಿಲ್ಲಿಸುತ್ತಿದ್ದೆ.

ನಾಲ್ಕನೆಯ ಹಾಡಿನಿಂದ ಆಲ್ಬಂ ಬೇರೆಯೇ ಆಗುತ್ತದೆ. 1986ರಲ್ಲಿ ಬೋನೋ ಮಧ್ಯ ಅಮೆರಿಕದ ನಿಕರಾಗುವಾ ಮತ್ತು ಎಲ್ ಸಾಲ್ವಡಾರ್ ದೇಶಗಳಿಗೆ ಹೋಗಿದ್ದರು. ಅಮೆರಿಕ ಸರ್ಕಾರದ ನೆರವಿನಿಂದ ಅಲ್ಲಿ ನಡೆಯುತ್ತಿದ್ದ ಅಂತರ್ಯುದ್ಧವನ್ನು ಹತ್ತಿರದಿಂದ ಕಂಡು ಬಂದು, ಅದನ್ನು ಗಿಟಾರಿನಿಂದ ಕೇಳಿಸಬೇಕೆಂದು ಎಡ್ಜ್ ಅವರನ್ನು ಕೇಳಿಕೊಂಡದ್ದರ ಫಲ ‘ಬುಲೆಟ್ ದ ಬ್ಲೂ ಸ್ಕೈ’. ಲ್ಯಾರಿ ಮಲೆನ್ ಅವರ ಡ್ರಮ್ಸ್ ಇಡೀ ಆಲ್ಬಮ್ಮಿನಲ್ಲಿ ಇಷ್ಟು ಭಾರವಾಗಿ ಬೀಳುವುದು ಇಲ್ಲಿ ಮಾತ್ರ. ಹಾಡಿನ ಕೊನೆಯ ಭಾಗದಲ್ಲಿ ಬೋನೋ ಹಾಡುವುದನ್ನು ಬಿಟ್ಟು ಮಾತನಾಡತೊಡಗುತ್ತಾರೆ. ಆ ಮಾತು ಅಗತ್ಯಕ್ಕಿಂತ ಉದ್ದವಾಯಿತೆಂದು ನನಗೆ ಅನಿಸಿದೆ. ಗಿಟಾರ್ ಹೇಳಿ ಮುಗಿಸಿದ್ದನ್ನು ಬಾಯಿಯಿಂದ ಮತ್ತೆ ಹೇಳುವುದು ಬೇಕಿರಲಿಲ್ಲ.

ಅದರ ಅಬ್ಬರ ತಗ್ಗಿದ ಮೇಲೆ ಬರುವ ‘ರನ್ನಿಂಗ್ ಟು ಸ್ಟ್ಯಾಂಡ್ ಸ್ಟಿಲ್’ ಮೊದಲ ಬದಿಯ ಅತ್ಯುತ್ತಮ ಹಾಡು. ಡಬ್ಲಿನ್ನಿನ ಬ್ಯಾಲಿಮನ್ ಎಂಬಲ್ಲಿ ಬಡವರಿಗಾಗಿ ಕಟ್ಟಿಸಿದ್ದ ಏಳು ಬಹುಮಹಡಿ ಕಟ್ಟಡಗಳಿದ್ದವು. ಬೋನೋ ಬೆಳೆದ ಮನೆ ಅವುಗಳಿಗೆ ಸಮೀಪವಿತ್ತು. 1980ರ ದಶಕದಲ್ಲಿ ಹೆರಾಯಿನ್ ಚಟ ಆ ನಗರವನ್ನು ಹಿಡಿದಾಗ ಹಾಳಾದ ಬದುಕುಗಳ ಹಾಡು ಇದು. ಪಿಯಾನೋದ ಕೆಲವು ಸ್ವರಗಳು, ಗಿಟಾರಿನ ಮೇಲೆ ಜಾರುವ ಒಂದು ಎಳೆ, ಕೊನೆಯಲ್ಲಿ ಹಾರ್ಮೋನಿಕಾ, ಮುಖ್ಯ ಸಾಮಗ್ರಿ ಇಷ್ಟೇ. ಬೋನೋ ದನಿ ಎತ್ತಿ ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತವರ ಪಕ್ಕದಲ್ಲಿ ಕುಳಿತು ಹಾಡುತ್ತಾರೆ. ಆ ಕಟ್ಟಡಗಳನ್ನು 2004ರಿಂದ 2015ರೊಳಗೆ ಒಂದೊಂದಾಗಿ ಕೆಡವಿದರು. ಹಾಡು ಮಾತ್ರ ಅವುಗಳ ಗುರುತಾಗಿ ಉಳಿದಿದೆ. ಟೇಪು ‘ಟಕ್’ ಎಂದು ನಿಂತ ಮೇಲೆ ಕ್ಯಾಸೆಟ್ಟನ್ನು ಮಗುಚಬೇಕು.

ಎರಡನೆಯ ಬದಿ ಆರಂಭವಾಗುವುದು ‘ರೆಡ್ ಹಿಲ್ ಮೈನಿಂಗ್ ಟೌನ್’ ಹಾಡಿನಿಂದ. 1984ರಿಂದ 85ರವರೆಗೆ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರು ವರ್ಷಪೂರ್ತಿ ಮುಷ್ಕರ ಹೂಡಿ ಸೋತರು. ಗಣಿಗಳು ಒಂದೊಂದಾಗಿ ಮುಚ್ಚಿದವು. ಆ ಮುಷ್ಕರದ ರಾಜಕೀಯ ಈ ಹಾಡಿನಲ್ಲಿ ನೇರವಾಗಿ ಬರುವುದಿಲ್ಲ. ಕೆಲಸ ಹೋದ ಮೇಲೆ ಗಂಡ ಹೆಂಡಿರ ನಡುವೆ ಉಳಿಯುವುದೇನು ಎಂಬುದಷ್ಟೇ ಇದರ ವಸ್ತು. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಆ ಗಣಿಗಳು 2001ರಲ್ಲಿ ಮುಚ್ಚಿದವು. ಕೆಜಿಎಫ್‌ನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಕೆಲಸಕ್ಕೆ ಓಡಾಡುವವರನ್ನು ಕಂಡವರಿಗೆ ಈ ಹಾಡಿನ ಊರು ಇಂಗ್ಲೆಂಡಿನಲ್ಲಿಯೇ ಇರಬೇಕೆಂದೇನೂ ಅನಿಸುವುದಿಲ್ಲ. ಹಾಡಿನ ಹಿನ್ನೆಲೆಯಲ್ಲಿ ಹಿತ್ತಾಳೆ ವಾದ್ಯಗಳ ಬ್ಯಾಂಡ್ ಇದೆ. 1987ರ ಮುದ್ರಣದಲ್ಲಿ ಅದು ತೆಳುವಾಗಿ ಕೇಳುತ್ತದೆ. ಆಲ್ಬಮ್ಮಿಗೆ 30 ವರ್ಷ ತುಂಬಿದಾಗ ಸಂಗೀತ ನಿರ್ಮಾಪಕ ಸ್ಟೀವ್ ಲಿಲಿವೈಟ್ ಮಾಡಿದ ಹೊಸ ಧ್ವನಿ ಮಿಶ್ರಣದಲ್ಲಿ ಅದನ್ನು ಮುಂದಕ್ಕೆ ತಂದಿದ್ದಾರೆ. ಬೋನೋ ಅವರ ಎತ್ತರದ ದನಿ ಒಂಟಿಯಾಗಿ ಒದ್ದಾಡುವುದು ಅಲ್ಲಿ ಕಡಿಮೆಯಾಗಿ, ಒಂದು ಊರೇ ಜೊತೆಗಿದೆ ಎನಿಸುತ್ತದೆ. ಇದನ್ನು ಮೊದಲು ಒಂಟಿ ಹಾಡಾಗಿ ಬಿಡುಗಡೆ ಮಾಡಬೇಕೆಂದುಕೊಂಡಿದ್ದರೂ ಕೈಬಿಟ್ಟರು; 2017ರವರೆಗೆ ತಂಡ ಇದನ್ನು ವೇದಿಕೆಯ ಮೇಲೆ ಒಮ್ಮೆಯೂ ಹಾಡಲಿಲ್ಲ.

ಮುಂದಿನ ಎರಡು ಹಾಡುಗಳ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ‘ಇನ್ ಗಾಡ್ಸ್ ಕಂಟ್ರಿ’ ಚುರುಕಾಗಿದೆ, ಆದರೆ ಅಮೆರಿಕವನ್ನು ಮರುಭೂಮಿಯೆಂದೂ ಹೆಣ್ಣೆಂದೂ ಒಟ್ಟಿಗೆ ಕರೆಯುವ ಅದರ ಸಾಹಿತ್ಯ ದೊಡ್ಡ ದೊಡ್ಡ ಪದಗಳ ಮೇಲೆ ತೇಲಿಹೋಗುತ್ತದೆ. ‘ಟ್ರಿಪ್ ಥ್ರೂ ಯುವರ್ ವೈರ್ಸ್’ ಹಾರ್ಮೋನಿಕಾ ಹಿಡಿದು ಅಮೆರಿಕದ ಬ್ಲೂಸ್ ಸಂಗೀತವನ್ನು ಅಭ್ಯಾಸ ಮಾಡಿದಂತಿದೆ. ಇಡೀ ಆಲ್ಬಮ್ಮಿನಲ್ಲಿ ತೆಗೆದಿದ್ದರೂ ನಡೆಯುತ್ತಿತ್ತು ಎನ್ನಬಹುದಾದ ಒಂದೇ ಹಾಡು.

ಅದಾದ ಮೇಲೆ ‘ಒನ್ ಟ್ರೀ ಹಿಲ್’ ಬರುತ್ತದೆ, ಮತ್ತು ನಾನು ಈ ವಿಮರ್ಶೆಯನ್ನು ಬರೆಯಲು ಹೊರಟದ್ದೇ ಮುಖ್ಯವಾಗಿ ಈ ಹಾಡಿಗಾಗಿ. ಗ್ರೆಗ್ ಕ್ಯಾರಲ್ ಎಂಬುವರು ನ್ಯೂಜಿಲೆಂಡಿನ ಮಾವೋರಿ ಜನಾಂಗದ ಯುವಕ. 1984ರಲ್ಲಿ ತಂಡ ಆಕ್ಲೆಂಡಿಗೆ ಹೋದಾಗ ಪರಿಚಯವಾಗಿ, ಅವರೊಂದಿಗೇ ಕೆಲಸಕ್ಕೆ ಸೇರಿ ಡಬ್ಲಿನ್ನಿಗೆ ಬಂದಿದ್ದರು. ಮೊದಲ ಭೇಟಿಯ ರಾತ್ರಿ ಅವರು ಬೋನೋ ಅವರನ್ನು ಕರೆದುಕೊಂಡು ಹೋದದ್ದು ಆಕ್ಲೆಂಡಿನ ಒನ್ ಟ್ರೀ ಹಿಲ್‌ಗೆ; ಮಾವೋರಿಯಲ್ಲಿ ಆ ಬೆಟ್ಟದ ಹೆಸರು ಮೌಂಗಾಕಿಯೆಕಿಯೆ, ನೆತ್ತಿಯ ಮೇಲೆ ಒಂದೇ ಮರವಿದ್ದ ಬೆಟ್ಟ. 1986ರ ಜುಲೈನಲ್ಲಿ, ಈ ಆಲ್ಬಮ್ಮಿನ ಕೆಲಸ ನಡೆಯುತ್ತಿದ್ದಾಗ, ಬೋನೋ ಅವರ ಮೋಟಾರ್ ಸೈಕಲ್ಲನ್ನು ಓಡಿಸಿಕೊಂಡು ಹೋಗುತ್ತಿದ್ದ ಗ್ರೆಗ್ ಡಬ್ಲಿನ್ನಿನ ರಸ್ತೆಯಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ದೇಹವನ್ನು ನ್ಯೂಜಿಲೆಂಡಿಗೆ ಒಯ್ದು ಮಾವೋರಿ ಸಂಪ್ರದಾಯದಂತೆ ಮಣ್ಣು ಮಾಡಿದಾಗ ಬೋನೋ ಮತ್ತು ಲ್ಯಾರಿ ಮಲೆನ್ ಅಲ್ಲಿದ್ದರು. ಹಿಂತಿರುಗಿ ಬಂದು ಈ ಹಾಡನ್ನು ಬರೆದ ಬೋನೋ ಅದನ್ನು ಧ್ವನಿಮುದ್ರಿಸಿದ್ದು ಒಂದೇ ಸಲ. ಎರಡನೆಯ ಬಾರಿ ಹಾಡುವ ಶಕ್ತಿ ಅವರಿಗೆ ಇರಲಿಲ್ಲ. ಇಡೀ ಆಲ್ಬಮ್ಮನ್ನು ಗ್ರೆಗ್ ಅವರ ನೆನಪಿಗೆ ಅರ್ಪಿಸಿದ್ದಾರೆ.

ಇಷ್ಟು ತಿಳಿಯದೆ ಕೇಳಿದರೂ ಹಾಡು ಮುಟ್ಟುತ್ತದೆ. ವಿಚಿತ್ರವೆಂದರೆ ಅದು ಶೋಕಗೀತೆಯ ಧಾಟಿಯಲ್ಲಿಲ್ಲ. ಗಿಟಾರ್ ಹಗುರವಾಗಿ, ಬಿಸಿಲಿನಲ್ಲಿ ಹೊಳೆವ ನೀರಿನಂತೆ ಹರಿಯುತ್ತದೆ. ಡ್ರಮ್ಸ್ ಕುಣಿಯುವಂತೆ ನಡೆಯುತ್ತದೆ. ಹಿಂದೆ ತಂತಿವಾದ್ಯಗಳು ಮೆಲ್ಲನೆ ಸೇರುತ್ತವೆ. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವಾಗ ಸತ್ತವರ ಒಳ್ಳೆಯ ದಿನಗಳನ್ನು ಒಂದೊಂದಾಗಿ ಎಣಿಸುತ್ತಾರಲ್ಲ, ಹಾಗೆ ಈ ಹಾಡು ದುಃಖವನ್ನು ಸಂತೋಷದ ನೆನಪಿನ ಮೂಲಕ ತರುತ್ತದೆ. ಕೊನೆಗೆ ವಾದ್ಯಗಳೆಲ್ಲ ನಿಂತಂತಾಗಿ, ದನಿ ಒಂದೇ ಉಳಿದು, ನದಿ ಸಮುದ್ರಕ್ಕೆ ಓಡುವ ಮಾತನ್ನು ಎತ್ತರದಲ್ಲಿ ಹಿಡಿಯುತ್ತದೆ. ಆ ದನಿಯಲ್ಲಿ ಬಿರುಕು ಇದೆ. ಎರಡನೆಯ ಸಲ ಹಾಡಿದ್ದರೆ ಆ ಬಿರುಕನ್ನು ಸರಿಮಾಡಿಬಿಡುತ್ತಿದ್ದರೇನೋ. ಮೊದಲ ಬದಿಯ ಯಾವ ಹಾಡಿನಲ್ಲಿಯೂ ಬೋನೋ ಇಷ್ಟು ರಕ್ಷಣೆಯಿಲ್ಲದೆ ನಿಂತಿಲ್ಲ.

ಮರಗಳ ವಿಷಯ ಬಂದದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ಆಲ್ಬಮ್ಮಿಗೆ ಹೆಸರು ಕೊಟ್ಟ ಜೋಶುವಾ ಮರ ಕ್ಯಾಲಿಫೋರ್ನಿಯಾ ಸುತ್ತಮುತ್ತಲ ಮರುಭೂಮಿಯಲ್ಲಿ ಬೆಳೆಯುವ, ಕೈಗಳನ್ನು ಮೇಲೆತ್ತಿ ನಿಂತಂತೆ ಕಾಣುವ ಗಿಡ. ಡಚ್ ಛಾಯಾಗ್ರಾಹಕ ಆ್ಯಂಟನ್ ಕಾರ್ಬೈನ್ 1986ರ ಡಿಸೆಂಬರ್‌ನಲ್ಲಿ ತಂಡವನ್ನು ಅಲ್ಲಿಗೆ ಕರೆದೊಯ್ದು ಕಪ್ಪುಬಿಳುಪಿನಲ್ಲಿ ಚಿತ್ರಗಳನ್ನು ತೆಗೆದರು. ಮುಖಪುಟದಲ್ಲಿ ಕಾಣುವುದು ಡೆತ್ ವ್ಯಾಲಿಯ ಝಬ್ರಿಸ್ಕಿ ಪಾಯಿಂಟ್ ಎಂಬ ಜಾಗ. ಮರವನ್ನು ನೋಡಬೇಕಾದರೆ ಎಲ್‌ಪಿಯ ಹೊದಿಕೆಯ ಮಡಿಕೆಯನ್ನು ಬಿಚ್ಚಬೇಕು. ಡಾರ್ವಿನ್ ಎಂಬ ಪುಟ್ಟ ಊರಿನ ಬಳಿ ಒಂಟಿಯಾಗಿದ್ದ ಆ ಮರ 2000ದ ಆಸುಪಾಸಿನಲ್ಲಿ ಬಿದ್ದುಹೋಯಿತು. ಆಕ್ಲೆಂಡಿನ ಬೆಟ್ಟದ ಮೇಲಿದ್ದ ಪೈನ್ ಮರವೂ ಯಂತ್ರಗರಗಸದ ಏಟು ತಿಂದು ಬಲಗುಂದಿದ್ದರಿಂದ ಅದನ್ನು 2000ದಲ್ಲಿಯೇ ತೆಗೆದುಹಾಕಿದರು. ಆಲ್ಬಮ್ಮಿನ ಎರಡೂ ಮರಗಳು ಈಗ ಇಲ್ಲ.

‘ಎಕ್ಸಿಟ್’ ಹಾಡು ರಾತ್ರಿ ಒಬ್ಬರೇ ಇದ್ದಾಗ ಕೇಳುವಂಥದ್ದಲ್ಲ. ನಂಬಿಕೆ ಕೊಳೆತು ಹಿಂಸೆಯಾಗುವ ಮನುಷ್ಯನೊಬ್ಬನ ತಲೆಯೊಳಗೆ ಅದು ನಮ್ಮನ್ನು ಕೂರಿಸುತ್ತದೆ. ಉದ್ದವಾಗಿ ನುಡಿಸುತ್ತಾ ಹೋದ ಒಂದು ಪ್ರಯೋಗವನ್ನು ಈನೋ ಕತ್ತರಿಸಿ ಈ ರೂಪಕ್ಕೆ ತಂದರು. ಕಿವಿಗೆ ನಿಲುಕದಷ್ಟು ತಗ್ಗಿದ ಬೇಸ್‌ನಿಂದ ಹೊರಟು, ಎಚ್ಚರಿಕೆಯಿಲ್ಲದೆ ಸ್ಫೋಟಿಸಿ, ಮತ್ತೆ ತಗ್ಗುತ್ತದೆ. ಸ್ಪೀಕರಿನ ಸದ್ದನ್ನು ಆರಂಭದಲ್ಲಿ ಹೆಚ್ಚಿಸಿದವರು ನಡುವೆ ಓಡಿಬಂದು ಕಡಿಮೆ ಮಾಡಬೇಕಾಗುತ್ತದೆ.

ಅದು ಮುಗಿದ ಮೇಲೆ ಮಳೆಯ ಸದ್ದು ಕೇಳಿಸುತ್ತದೆ. ‘ಮದರ್ಸ್ ಆಫ್ ದ ಡಿಸಪಿಯರ್ಡ್’ ಆರಂಭವಾಗುವುದು ಹಾಗೆ. ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗೆ ನಡೆದ ಸೈನಿಕ ಆಡಳಿತದಲ್ಲಿ ಸಾವಿರಾರು ಜನರನ್ನು ಹಿಡಿದುಕೊಂಡು ಹೋದರು. ಅವರು ಮರಳಿ ಬರಲಿಲ್ಲ, ಸತ್ತರೆಂದೂ ಯಾರೂ ಹೇಳಲಿಲ್ಲ. 1977ರಿಂದ ಅವರ ತಾಯಂದಿರು ತಲೆಗೆ ಬಿಳಿಯ ವಸ್ತ್ರ ಕಟ್ಟಿಕೊಂಡು ಬ್ಯೂನಸ್ ಐರಿಸ್ ನಗರದ ಪ್ಲಾಸಾ ದೆ ಮಾಯೋ ಚೌಕದಲ್ಲಿ ವಾರ ವಾರವೂ ಮೌನವಾಗಿ ಸುತ್ತತೊಡಗಿದರು. ಎಲ್ ಸಾಲ್ವಡಾರ್‌ನಲ್ಲಿಯೂ ಅಂಥ ತಾಯಂದಿರನ್ನು ಬೋನೋ ಭೇಟಿಯಾಗಿದ್ದರು. ಹಾಡಿನಲ್ಲಿ ಆರೋಪವಿಲ್ಲ, ಕೂಗು ಇಲ್ಲ. ಮಕ್ಕಳ ಎದೆಬಡಿತ ಕೇಳುತ್ತದೆ, ಗಾಳಿಯಲ್ಲಿ ಅವರ ನಗು ಕೇಳುತ್ತದೆ, ಮಳೆಯಲ್ಲಿ ಅವರ ಕಣ್ಣೀರು ಕಾಣುತ್ತದೆ ಎನ್ನುವ ತಾಯಿಯ ಮಾತು ಮಾತ್ರ ಇದೆ. ಮೊದಲ ಹಾಡಿನಲ್ಲಿ ಬಯಲಿನಂತೆ ತೆರೆದುಕೊಂಡಿದ್ದ ಆಲ್ಬಂ, ನೀರಿಲ್ಲದ ನೆಲದ ಮೇಲೆ ಅಷ್ಟು ದೂರ ನಡೆದು, ಕೊನೆಗೆ ಮಳೆಯನ್ನು ತಲುಪುತ್ತದೆ. ಆದರೆ ಆ ಮಳೆ ಕಣ್ಣೀರಾಗಿ ಬಂದಿದೆ. ಹಾಡುಗಳ ಅನುಕ್ರಮವನ್ನು ಹೊಂದಿಸಿಕೊಟ್ಟವರು ಲಿಲಿವೈಟ್ ಅವರ ಪತ್ನಿಯಾಗಿದ್ದ ಗಾಯಕಿ ಕರ್ಸ್ಟಿ ಮೆಕಾಲ್. ಮೊದಲನೆಯದು ಮತ್ತು ಕೊನೆಯದು ಯಾವುದೆಂದು ಮಾತ್ರ ತಂಡ ಹೇಳಿತ್ತು, ಉಳಿದುದನ್ನು ಅವರಿಗೆ ಬಿಟ್ಟಿತ್ತು. ಆ ಎರಡು ತುದಿಗಳನ್ನು ಗಟ್ಟಿಯಾಗಿ ಹಿಡಿದದ್ದರಿಂದಲೇ ನಡುವಿನ ಪಯಣ ದಾರಿ ತಪ್ಪಿಲ್ಲ.

2019ರ ಡಿಸೆಂಬರ್ 15ರಂದು ಯೂಟೂ ಭಾರತದಲ್ಲಿ ಮೊದಲ ಬಾರಿ, ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ, ಕಾರ್ಯಕ್ರಮ ಕೊಟ್ಟಿತು. ಈ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದ ಪ್ರವಾಸದ ಕೊನೆಯ ರಾತ್ರಿ ಅದು. ನಾನು ಮೈಸೂರಿನಿಂದ ರೈಲಿನಲ್ಲಿ ಹೋಗಿದ್ದೆ. ಮೊದಲ ಮೂರು ಹಾಡುಗಳಿಗೆ ಇಡೀ ಕ್ರೀಡಾಂಗಣ ಹಾಡುಗಾರನಿಗಿಂತ ಜೋರಾಗಿ ಹಾಡಿತು. ‘ರೆಡ್ ಹಿಲ್’ ಬರುವ ಹೊತ್ತಿಗೆ ನನ್ನ ಸಾಲಿನಲ್ಲಿ ಹಲವರು ಎದ್ದು ತಿಂಡಿ ನೀರಿಗೆ ಹೋದರು. ‘ಒನ್ ಟ್ರೀ ಹಿಲ್’ ನಡೆಯುವಾಗ ಪಕ್ಕದ ಕುರ್ಚಿಗಳು ಖಾಲಿಯಿದ್ದವು. ನನಗೆ ಸಿಟ್ಟು ಬರಲಿಲ್ಲ; ಅಕ್ಷರ ಮಾಸದೆ ಉಳಿದಿರುವ ‘ಬಿ’ ಬದಿ ನೆನಪಾಗಿ ದುಃಖವಾಯಿತು. ಅದೇ ರಾತ್ರಿ, ಬೇರೊಂದು ಆಲ್ಬಮ್ಮಿನ ಹಾಡಿನ ವೇಳೆ ಪರದೆಯ ಮೇಲೆ ಮೂಡಿದ ಮಹಿಳೆಯರ ಚಿತ್ರಗಳಲ್ಲಿ ಗೌರಿ ಲಂಕೇಶ್ ಅವರ ಮುಖವೂ ಇತ್ತು. ಕನ್ನಡದ ಪತ್ರಕರ್ತೆಯೊಬ್ಬರ ಮುಖವನ್ನು ಅಷ್ಟು ದೊಡ್ಡದಾಗಿ, ಅಷ್ಟು ಜನರ ನಡುವೆ ನೋಡಿದಾಗ, ಕಾಣೆಯಾದವರ ತಾಯಂದಿರ ಬಗ್ಗೆ ಹಾಡಿದ ತಂಡ ಇದನ್ನು ಮಾಡಿದ್ದು ಸಹಜವೇ ಎನಿಸಿತು.

ಯಾವ ಮುದ್ರಣವನ್ನು ಕೊಳ್ಳಬೇಕೆಂದು ಕೇಳುವವರಿಗೆ ನನ್ನ ಸಲಹೆ ಇದು. ಕ್ಯಾಸೆಟ್ ಈಗ ನೆನಪಿಗೆ ಮಾತ್ರ. ಅದರಲ್ಲಿ ಬೇಸ್ ಮಬ್ಬಾಗಿ ಕೇಳುತ್ತದೆ, ‘ಎಕ್ಸಿಟ್’ ಹಾಡಿನ ಆರಂಭ ಟೇಪಿನ ಸುಯ್ಗುಟ್ಟುವಿಕೆಯಲ್ಲಿ ಮುಳುಗಿಹೋಗುತ್ತದೆ. 2007ರಲ್ಲಿ ಎಡ್ಜ್ ಅವರ ಮೇಲ್ವಿಚಾರಣೆಯಲ್ಲಿ ಹೊಸದಾಗಿ ಮಾಸ್ಟರಿಂಗ್ ಮಾಡಿದ, ಅಂದರೆ ಧ್ವನಿಯನ್ನು ಮತ್ತೆ ಹದಗೊಳಿಸಿದ, ಸಿ.ಡಿ.ಯಲ್ಲಿ ಆ್ಯಡಮ್ ಕ್ಲೇಟನ್ ಅವರ ಬೆರಳು ತಂತಿಯ ಮೇಲೆ ಬೀಳುವುದು ಕೂಡ ಕೇಳುತ್ತದೆ. ಹಣ ಹೆಚ್ಚು ಖರ್ಚು ಮಾಡಲು ಇಷ್ಟವಿಲ್ಲದವರಿಗೆ ಅದು ಸಾಕು. 30ನೆಯ ವರ್ಷದ ಎಲ್‌ಪಿ ಎರಡು ತಟ್ಟೆಗಳಲ್ಲಿದೆ. ಧ್ವನಿ ಬಹಳ ಚೆನ್ನಾಗಿದೆ, ಕಾರ್ಬೈನ್ ಅವರ ಚಿತ್ರಗಳನ್ನು ದೊಡ್ಡ ಅಳತೆಯಲ್ಲಿ ನೋಡುವ ಸಂತೋಷವೂ ಇದೆ. ಆದರೆ 50 ನಿಮಿಷಕ್ಕೆ ಮೂರು ಸಲ ಎದ್ದು ಸೂಜಿ ಎತ್ತಬೇಕಾಗುತ್ತದೆ, ಹಾಡಿನಿಂದ ಹಾಡಿಗೆ ಸಾಗುವ ಎಳೆ ಅಷ್ಟು ಸಲ ಕಡಿಯುತ್ತದೆ. ಹಳೆಯ ಒಂದೇ ತಟ್ಟೆಯ ಎಲ್‌ಪಿ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ: ಐದು ಹಾಡು ಒಂದು ಕಡೆ, ಆರು ಹಾಡು ಇನ್ನೊಂದು ಕಡೆ.

ಮೊಬೈಲಿನಲ್ಲಿ ಕೇಳುವವರು ಒಂದು ವಿಷಯದಲ್ಲಿ ಎಚ್ಚರಿಕೆ ವಹಿಸಬೇಕು. ವಿಶೇಷ ಆವೃತ್ತಿಗಳಲ್ಲಿ ಹನ್ನೊಂದನೆಯ ಹಾಡಿನ ಹಿಂದೆಯೇ 1987ರ ಕಚೇರಿಯ ಹಾಡುಗಳೂ ಬೇರೆ ಮಿಶ್ರಣಗಳೂ ಸಾಲಾಗಿ ಬರುತ್ತವೆ. ಮಳೆಯ ಸದ್ದಿನಲ್ಲಿ ಆರಂಭವಾದ ಹಾಡು ಮುಗಿದು ಕೋಣೆ ಸುಮ್ಮನಾಗುವ ಮುನ್ನವೇ ಸಾವಿರಾರು ಜನರ ಚಪ್ಪಾಳೆ ನುಗ್ಗುತ್ತದೆ. ಹನ್ನೊಂದು ಹಾಡುಗಳ ಮೂಲ ಆವೃತ್ತಿಯನ್ನೇ ಹುಡುಕಿ ಹಾಕಿಕೊಳ್ಳಿ. ಕೇಳಲು 50 ನಿಮಿಷ ಬಿಡುವಿಲ್ಲದ ದಿನ ಆರನೆಯ ಹಾಡಿನಿಂದ ಆರಂಭಿಸಿ.